ಸೂಜಿಯ ಮೊನೆ ಮತ್ತು ಚರ್ಮದ ಬಿಸಿ: ಆರೋಗ್ಯವಂತರಲ್ಲಿ ಕಂಡದ್ದು, ರೋಗಿಗಳು ಅರಿಯಬೇಕಾದದ್ದು

ಮಗುವಿಗೆ ಮೈ ಸುಡುತ್ತಿದೆಯೇ ಎಂದು ತಿಳಿಯಲು ತಾಯಿ ಹಣೆಯ ಮೇಲೆ ಕೈಯಿಟ್ಟು ನೋಡುತ್ತಾಳೆ. ಹಾಸಿಗೆ ಹಿಡಿದ ಹಿರಿಯರ ಅಂಗಾಲನ್ನು ಮುಟ್ಟಿ ನೋಡಿ ‘ಕಾಲು ತಣ್ಣಗಾಗಿವೆ’ ಎಂದು ಮನೆಯವರು ಆತಂಕಪಡುತ್ತಾರೆ. ಉಷ್ಣಮಾಪಕ ಹುಟ್ಟುವುದಕ್ಕೆ ಸಾವಿರಾರು ವರ್ಷಗಳ ಮೊದಲಿನಿಂದಲೂ ಮನುಷ್ಯನು ಚರ್ಮದ ಬಿಸಿ-ತಂಪುಗಳನ್ನು ದೇಹಸ್ಥಿತಿಯ ಸೂಚನೆಯೆಂದೇ ಓದಿಕೊಂಡು ಬಂದಿದ್ದಾನೆ. ಈ ಓದು ಬಹುಮಟ್ಟಿಗೆ ಸರಿಯಾದದ್ದೇ. ಆದರೆ ಕೆಲವೊಮ್ಮೆ ಅದು ನಮ್ಮನ್ನು ದಾರಿ ತಪ್ಪಿಸುವುದೂ ಉಂಟು.

ಇತ್ತೀಚಿನ ವರ್ಷಗಳಲ್ಲಿ ಮಂಡಿನೋವು, ಸೊಂಟನೋವು, ಕುತ್ತಿಗೆನೋವುಗಳಿಗಾಗಿ ಆಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆಯನ್ನು ಆಶ್ರಯಿಸುವವರು ನಮ್ಮ ಭಾಗದಲ್ಲಿಯೂ ಹೆಚ್ಚುತ್ತಿದ್ದಾರೆ. ‘ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ಕೈಯೆಲ್ಲ ಬೆಚ್ಚಗಾಯಿತು, ರಕ್ತ ಹರಿಯತೊಡಗಿತು’ ಎಂದು ಚಿಕಿತ್ಸೆ ಪಡೆದವರು ಹೇಳುವುದನ್ನು ಅನೇಕರು ಕೇಳಿರಬಹುದು. ಈ ಬಿಸಿ ನಿಜವಾದದ್ದೇ, ಕೇವಲ ಭಾವನೆಯೇ? ನಿಜವಾದರೆ ಅದು ಉಂಟಾಗುವ ಬಗೆ ಎಂತು? ಆರೋಗ್ಯವಂತರ ಚರ್ಮ ಬೆಚ್ಚಗಾದ ಮಾತ್ರಕ್ಕೆ ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಕಾಲಿಗೂ ಅದೇ ಪ್ರಯೋಜನ ದೊರೆಯುವುದೇ? ಕಡೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟುಕೊಂಡವರು ಕಾಲನ್ನೇ ಕಳೆದುಕೊಳ್ಳುವ ಸಂಭವವಿರುವುದರಿಂದ, ಈ ವಿಷಯವನ್ನು ಸಾವಧಾನವಾಗಿ ಅರಿಯುವುದು ಅಗತ್ಯ.

ಚರ್ಮಕ್ಕೆ ಒಂದೇ ಉಷ್ಣಾಂಶವಿಲ್ಲ

ದೇಹದ ಒಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹೃದಯ, ಯಕೃತ್ತು, ಮೆದುಳುಗಳು ಈ ಮಟ್ಟದಲ್ಲಿಯೇ ಕೆಲಸ ಮಾಡಬೇಕು; ಅದರಲ್ಲಿ ಎರಡು ಮೂರು ಡಿಗ್ರಿಯ ಏರುಪೇರಾದರೂ ನಾವು ಮಲಗಿಬಿಡುತ್ತೇವೆ. ಚರ್ಮಕ್ಕೆ ಇಂತಹ ನಿಶ್ಚಿತ ಮಟ್ಟವಿಲ್ಲ. ಎದೆ, ಹೊಟ್ಟೆಗಳ ಚರ್ಮ ಸಾಮಾನ್ಯವಾಗಿ 33-34 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಬೆರಳ ತುದಿಗಳು ಚಳಿಯಲ್ಲಿ 20 ಡಿಗ್ರಿಯ ಹತ್ತಿರಕ್ಕೂ ಇಳಿಯಬಲ್ಲವು, ಸೆಖೆಯಲ್ಲಿ 35 ಡಿಗ್ರಿಗೂ ಏರಬಲ್ಲವು. ಒಳಗಿನ ಉಷ್ಣಾಂಶವನ್ನು ಸ್ಥಿರವಾಗಿಡುವ ಸಲುವಾಗಿಯೇ ಹೊರಗಿನ ಚರ್ಮ ಹೀಗೆ ಅಸ್ಥಿರವಾಗಿರುತ್ತದೆ.

ಇದನ್ನು ನಿರ್ವಹಿಸುವುದು ರಕ್ತ. ಒಳಗೆ ಹುಟ್ಟಿದ ಶಾಖವನ್ನು ರಕ್ತವು ಹೊತ್ತು ತಂದು ಚರ್ಮದಲ್ಲಿ ಹೊರಚೆಲ್ಲುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನ ಇಡೀ ಚರ್ಮಕ್ಕೆ ನಿಮಿಷವೊಂದಕ್ಕೆ ಸುಮಾರು ಕಾಲು ಲೀಟರಿನಷ್ಟು ರಕ್ತ ಹರಿದರೆ, ತೀವ್ರ ತಾಪದಲ್ಲಿ ಅದು 6ರಿಂದ 8 ಲೀಟರಿನವರೆಗೂ ಏರಬಲ್ಲದು. ಬೇಸಿಗೆಯಲ್ಲಿ 40 ಡಿಗ್ರಿಯ ಬಿಸಿಲನ್ನು ಕಾಣುವ ಹಂಪಸಾಗರ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಗಳ ಹೊಲಗಳಲ್ಲಿ ದುಡಿಯುವ ರೈತನ ದೇಹ ಈ ಕೆಲಸವನ್ನು ದಿನವಿಡೀ ಮಾಡುತ್ತಿರುತ್ತದೆ. ಅವನ ಮುಖ ಕೆಂಪೇರುವುದು, ಬೆವರು ಹರಿಯುವುದು ಈ ವ್ಯವಸ್ಥೆಯ ಕುರುಹುಗಳು.

ಚರ್ಮದ ರಕ್ತನಾಳಗಳನ್ನು ಬಿಗಿ ಹಿಡಿಯುವ, ಸಡಿಲಿಸುವ ಅಧಿಕಾರ ಬಹುಪಾಲು ಅನುವೇದನಾ ನರವ್ಯೂಹದ್ದು. ಭಯ, ಆತಂಕ, ಚಳಿ, ನೋವುಗಳಲ್ಲಿ ಈ ನರಗಳು ಚುರುಕಾಗಿ ನಾಳಗಳನ್ನು ಬಿಗಿಯುತ್ತವೆ, ಕೈಕಾಲು ತಣ್ಣಗಾಗುತ್ತವೆ. ನೆಮ್ಮದಿಯಲ್ಲಿ ಹಿಡಿತ ಸಡಿಲಗೊಂಡು ಕೈಕಾಲು ಬೆಚ್ಚಗಾಗುತ್ತವೆ. ಪರೀಕ್ಷಾ ಕೊಠಡಿಗೆ ಹೋಗುವ ವಿದ್ಯಾರ್ಥಿಯ ಅಂಗೈ ತಣ್ಣಗಿರುವುದು ಇದೇ ಕಾರಣದಿಂದ. ಅಂಗೈ, ಅಂಗಾಲು, ಕಿವಿ, ಮೂಗಿನ ತುದಿಗಳಲ್ಲಿ ಕಿರುಧಮನಿಯಿಂದ ಸಿರೆಗೆ ನೇರವಾಗಿ ರಕ್ತವನ್ನು ಹಾಯಿಸುವ ವಿಶೇಷ ಅಡ್ಡಹಾದಿಗಳಿವೆ. ನಮ್ಮ ಹೊಲದ ಕಾಲುವೆಯ ತೂಬಿನಂತೆ ಇವು ತೆರೆದರೆ ಆ ಭಾಗಕ್ಕೆ ರಕ್ತ ಧಾರಾಳವಾಗಿ ಹರಿಯುತ್ತದೆ, ಮುಚ್ಚಿದರೆ ಕೂಡಲೇ ತಗ್ಗುತ್ತದೆ. ದೇಹದ ಬೇರೆಲ್ಲ ಕಡೆಗಿಂತ ಅಂಗೈಯಲ್ಲಿ ಉಷ್ಣಾಂಶ ಬೇಗನೆ ಬದಲಾಗುವುದಕ್ಕೆ ಇದೇ ಕಾರಣ.

ಇಲ್ಲಿ ಇನ್ನೊಂದು ವಿವೇಚನೆ ಬೇಕು. ಬಿಸಿ ಎನಿಸುವುದು ಬೇರೆ, ಬಿಸಿಯಾಗುವುದು ಬೇರೆ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಗಂಟೆಗಟ್ಟಲೆ ಉರಿಯುತ್ತದೆ. ಆದರೆ ಯಾವ ಬೆಂಕಿಯೂ ಅದನ್ನು ಸುಟ್ಟಿರುವುದಿಲ್ಲ. ಶಾಖವನ್ನು ಗ್ರಹಿಸುವ ನರತುದಿಯ ಅಣುದ್ವಾರವನ್ನೇ ಮೆಣಸಿನಕಾಯಿಯ ಖಾರವೂ ತೆರೆಯುವುದರಿಂದ ಮೆದುಳಿಗೆ ‘ಸುಡುತ್ತಿದೆ’ ಎಂಬ ಸುದ್ದಿ ಹೋಗುತ್ತದೆ. ಈ ಅಣುದ್ವಾರವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೂ, ಸ್ಪರ್ಶವನ್ನು ಗ್ರಹಿಸುವ ಅಣುದ್ವಾರಗಳನ್ನು ಕಂಡ ಆರ್ಡೆಮ್ ಪಟಪೂಟಿಯನ್ ಅವರಿಗೂ 2021ರ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಆದುದರಿಂದ ಸೂಜಿ ಚುಚ್ಚಿಸಿಕೊಂಡವರು ‘ಬೆಚ್ಚಗಾಯಿತು’ ಎಂದರೆ ಅದನ್ನು ಅನುಭವವೆಂದು ಗೌರವಿಸಬೇಕು; ಉಷ್ಣಾಂಶ ಏರಿತೆಂದು ಹೇಳಬೇಕಾದರೆ ಅಳೆದೇ ನೋಡಬೇಕು.

ಸೂಜಿ ಚಿಕಿತ್ಸೆ ನಮ್ಮ ದೇಶಕ್ಕೆ ಬಂದ ಬಗೆ

ಆಕ್ಯುಪಂಕ್ಚರ್ ಚೀನಾ ದೇಶದ ಪ್ರಾಚೀನ ಚಿಕಿತ್ಸಾ ಕ್ರಮ. ಸುಮಾರು ಕಾಲು ಮಿಲಿಮೀಟರ್ ವ್ಯಾಸದ ಉಕ್ಕಿನ ಸೂಜಿಗಳನ್ನು ಶರೀರದ ಗೊತ್ತಾದ ಬಿಂದುಗಳಲ್ಲಿ ಚುಚ್ಚಿ, ಸಾಮಾನ್ಯವಾಗಿ 20ರಿಂದ 30 ನಿಮಿಷ ಹಾಗೆಯೇ ಬಿಡುತ್ತಾರೆ. ಇವುಗಳಲ್ಲಿ ಔಷಧಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಇಂತಹ 361 ಮುಖ್ಯ ಬಿಂದುಗಳ ಹೆಸರುಗಳನ್ನು ಕ್ರಮಗೊಳಿಸಿದೆ. ಪ್ರಾಣಶಕ್ತಿಯು ಹರಿಯುವ ನಾಡಿಮಾರ್ಗಗಳ ಮೇಲೆ ಈ ಬಿಂದುಗಳಿವೆ ಎಂಬುದು ಚೀನೀ ಪರಂಪರೆಯ ವಿವರಣೆ. ಆಧುನಿಕ ಶರೀರಶಾಸ್ತ್ರವು ಅದನ್ನು ನರ ಮತ್ತು ರಕ್ತನಾಳಗಳ ಭಾಷೆಯಲ್ಲಿ ಅರ್ಥಮಾಡಿಕೊಳ್ಳಲು ಯತ್ನಿಸುತ್ತಿದೆ.

ಈ ಚಿಕಿತ್ಸೆ ಭಾರತಕ್ಕೆ ಬಂದ ಕಥೆಯಲ್ಲಿ ನಮಗೆ ಹತ್ತಿರದ ಊರೊಂದರ ಹೆಸರು ಸೇರಿಕೊಂಡಿದೆ. 1938ರಲ್ಲಿ ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾದ ಜನರ ಶುಶ್ರೂಷೆಗೆಂದು ಭಾರತದಿಂದ ಐವರು ವೈದ್ಯರ ತಂಡವೊಂದು ಹೊರಟಿತು. ಅವರಲ್ಲಿ ಒಬ್ಬರು ಡಾ. ದ್ವಾರಕಾನಾಥ ಕೋಟ್ನಿಸ್. ಶಿವಯೋಗಿ ಸಿದ್ಧರಾಮೇಶ್ವರರ ಸೊನ್ನಲಿಗೆ, ಅಂದರೆ ಕನ್ನಡ-ಮರಾಠಿಗಳೆರಡೂ ಕೇಳಿಬರುವ ಗಡಿಯ ಸೊಲ್ಲಾಪುರ, ಅವರ ಹುಟ್ಟೂರು. ಯುದ್ಧಭೂಮಿಯಲ್ಲಿ ಹಗಲಿರುಳೆನ್ನದೆ ಶಸ್ತ್ರಚಿಕಿತ್ಸೆ ಮಾಡುತ್ತ, 1942ರ ಡಿಸೆಂಬರ್ 9ರಂದು ತಮ್ಮ 32ನೆಯ ವಯಸ್ಸಿನಲ್ಲಿ ಅವರು ಅಲ್ಲಿಯೇ ದೇಹವಿಟ್ಟರು. ಚೀನಾದ ಜನ ಅವರನ್ನು ಇಂದಿಗೂ ಸ್ಮರಿಸುತ್ತಾರೆ. ಕೋಟ್ನಿಸರು ಶಸ್ತ್ರವೈದ್ಯರು, ಸೂಜಿ ಚಿಕಿತ್ಸಕರಲ್ಲ. ಆದರೆ ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಅವರು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಸೇವೆಗೆಂದು ಹೋದವರ ಬೆನ್ನಲ್ಲೇ ಒಂದು ವಿದ್ಯೆ ನಮ್ಮ ದೇಶಕ್ಕೆ ಬಂದಿತು.

ಕರ್ನಾಟಕದಲ್ಲಿ ಈ ವಿದ್ಯೆ ಮುಖ್ಯವಾಗಿ ಪ್ರಕೃತಿ ಚಿಕಿತ್ಸೆಯ ಜೊತೆಗೆ ಬೆಳೆದಿದೆ. 1989ರಲ್ಲಿ ಉಜಿರೆಯಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜು ಮೊದಲ್ಗೊಂಡು, ಐದೂವರೆ ವರ್ಷಗಳ ಬಿ.ಎನ್.ವೈ.ಎಸ್. ಪದವಿಯಲ್ಲಿ ವಿದ್ಯಾರ್ಥಿಗಳು ಶರೀರರಚನೆ, ಶರೀರಕ್ರಿಯೆಗಳ ಜೊತೆಗೆ ಆಕ್ಯುಪಂಕ್ಚರನ್ನೂ ಅಭ್ಯಸಿಸುತ್ತಾರೆ. ಭಾರತ ಸರ್ಕಾರವು 2003ರಲ್ಲಿ ಇದನ್ನು ಒಂದು ಚಿಕಿತ್ಸಾ ವಿಧಾನವೆಂದೂ 2019ರಲ್ಲಿ ಒಂದು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದೂ ಮನ್ನಿಸಿದೆ.

ಸೂಜಿ ಚುಚ್ಚಿದಾಗ ಒಳಗೆ ನಡೆಯುವುದೇನು?

ಓದುಗರು ಮನೆಯಲ್ಲಿಯೇ ಒಂದು ಸರಳ ಪ್ರಯೋಗ ಮಾಡಿ ನೋಡಬಹುದು. ಮುಂದೋಳಿನ ಒಳಬದಿಯ ಚರ್ಮದ ಮೇಲೆ ಪೆನ್ನಿನ ಮುಚ್ಚಳದಿಂದ ಗಾಯವಾಗದಂತೆ ಸ್ವಲ್ಪ ಒತ್ತಿ ಒಂದು ಗೆರೆ ಎಳೆಯಿರಿ. ಕೆಲವೇ ಕ್ಷಣಗಳಲ್ಲಿ ಗೆರೆ ಕೆಂಪಾಗುತ್ತದೆ. ಗಟ್ಟಿಯಾಗಿ ಎಳೆದಿದ್ದರೆ ಗೆರೆಯ ಆಚೀಚೆಗೂ ಕೆಂಪು ಹರಡಿ, ಕೆಲವರಲ್ಲಿ ಚರ್ಮ ಸಣ್ಣಗೆ ಉಬ್ಬುತ್ತದೆ. ಇಂಗ್ಲೆಂಡಿನ ವೈದ್ಯ ಸರ್ ಥಾಮಸ್ ಲೂಯಿಸ್ 1927ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಮೂರು ಹಂತಗಳ ಪ್ರತಿಕ್ರಿಯೆಯೆಂದು ವಿವರಿಸಿದರು. ಗೆರೆಯಿಂದಾಚೆಗೆ ಕೆಂಪು ಹರಡುವುದು ನರಗಳ ಕೆಲಸ. ನೋವನ್ನು ಒಯ್ಯುವ ಸೂಕ್ಷ್ಮ ನರತಂತುಗಳು ಸುದ್ದಿಯನ್ನು ಬೆನ್ನುಹುರಿಗೆ ಕಳುಹಿಸುವುದರ ಜೊತೆಗೆ, ತಮ್ಮ ಅಕ್ಕಪಕ್ಕದ ಕವಲುಗಳಿಗೂ ಹಿಮ್ಮುಖವಾಗಿ ಸಾಗಿಸುತ್ತವೆ. ಆ ಕವಲುಗಳ ತುದಿಯಿಂದ ಒಸರುವ ರಾಸಾಯನಿಕಗಳು ಹತ್ತಿರದ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ರಕ್ತ ಹೆಚ್ಚು ಹರಿದಾಗ ಆ ಜಾಗ ಕೆಂಪಾಗುತ್ತದೆ, ಬೆಚ್ಚಗಾಗುತ್ತದೆ.

ಆಕ್ಯುಪಂಕ್ಚರ್ ಸೂಜಿಯ ಸುತ್ತ ಕಾಣುವ ಕೆಂಪು ವರ್ತುಲವೂ ಬಹುಪಾಲು ಇದೇ ಪ್ರತಿಕ್ರಿಯೆ. ಇದನ್ನು ಸ್ಥಳೀಯ ಪರಿಣಾಮ ಎನ್ನಬಹುದು. ಇದಕ್ಕೆ ಬಿಂದುವಿನ ಮಹಿಮೆ ಅಷ್ಟಾಗಿ ಬೇಕಿಲ್ಲ; ಚರ್ಮದ ಯಾವ ಭಾಗದಲ್ಲಿ ಚುಚ್ಚಿದರೂ ಸ್ವಲ್ಪಮಟ್ಟಿಗೆ ಇದು ಆಗಿಯೇ ಆಗುತ್ತದೆ.

ಎರಡನೆಯದು ದೂರದ ಪರಿಣಾಮ. ಕೈಯಲ್ಲಿ ಚುಚ್ಚಿದರೆ ಮುಖದಲ್ಲೋ ಕಾಲಿನಲ್ಲೋ ಬದಲಾವಣೆ ಕಾಣುವುದುಂಟು. ಸೂಜಿಯನ್ನು ಸ್ನಾಯುವಿನವರೆಗೆ ಇಳಿಸಿ ಮೆಲ್ಲಗೆ ತಿರುಗಿಸಿದಾಗ ಜುಮ್ಮೆನ್ನುವ, ಭಾರವಾದ, ಎಳೆದಂತಹ ಒಂದು ಅನುಭವವಾಗುತ್ತದೆ. ಚೀನೀಯರು ಇದನ್ನು ‘ದೇ-ಚಿ’ ಎನ್ನುತ್ತಾರೆ. ಈ ಸಂವೇದನೆ ಬೆನ್ನುಹುರಿಯ ಮೂಲಕ ಮೆದುಳುಕಾಂಡವನ್ನು ತಲುಪಿ, ಅಲ್ಲಿಂದ ಅನುವೇದನಾ ನರವ್ಯೂಹದ ಬಿಗಿತವನ್ನು ಹೆಚ್ಚಿಸುತ್ತದೆ ಇಲ್ಲವೇ ತಗ್ಗಿಸುತ್ತದೆ. ಚುಚ್ಚಿದ ಕ್ಷಣದಲ್ಲಿ ದೇಹಕ್ಕೆ ಅದು ಒಂದು ಸಣ್ಣ ಆಘಾತವಾದ್ದರಿಂದ ನಾಳಗಳು ಬಿಗಿಯಬಹುದು, ಬೆರಳು ತಂಪಾಗಬಹುದು. ಸ್ವಲ್ಪ ಹೊತ್ತಿನ ಮೇಲೆ ದೇಹ ಸಮಾಧಾನಗೊಂಡಾಗ ಬಿಗಿತ ಸಡಿಲಿ ಚರ್ಮ ಬೆಚ್ಚಗಾಗಬಹುದು. ಅಂದರೆ ಒಂದೇ ಸೂಜಿ ತಂಪನ್ನೂ ಬಿಸಿಯನ್ನೂ ಉಂಟುಮಾಡಬಲ್ಲದು. ಯಾವಾಗ ಅಳೆದೆವು ಎಂಬುದರ ಮೇಲೆ ಉತ್ತರ ನಿಂತಿರುತ್ತದೆ.

ಪ್ರಯೋಗಗಳು ಹೇಳಿದ್ದೇನು?

ಚರ್ಮದ ಉಷ್ಣಾಂಶವನ್ನು ಮುಟ್ಟದೆಯೇ ಅಳೆಯುವ ಸಾಧನ ಅವಕೆಂಪು ಕ್ಯಾಮೆರಾ. ಬಿಸಿಯಾದ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಕಿರಣಗಳನ್ನು ಹೊಮ್ಮಿಸುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಈ ಅವಕೆಂಪು ಕಿರಣಗಳನ್ನು ಗ್ರಹಿಸಿ ಕ್ಯಾಮೆರಾ ಅಂಗೈಯ ಬಿಸಿಯ ನಕಾಶೆಯನ್ನೇ ಬಣ್ಣಗಳಲ್ಲಿ ಬಿಡಿಸಿಕೊಡುತ್ತದೆ. ಡಿಗ್ರಿಯ ಹತ್ತರಲ್ಲೊಂದು ಭಾಗದ ವ್ಯತ್ಯಾಸವೂ ಅದರ ಕಣ್ಣಿಗೆ ಬೀಳುತ್ತದೆ. ಆದರೆ ಸಾಧನ ಸೂಕ್ಷ್ಮವಾದಷ್ಟೂ ಎಚ್ಚರವೂ ಹೆಚ್ಚು ಬೇಕು. ಕೊಠಡಿಯ ಉಷ್ಣಾಂಶ ಸ್ಥಿರವಾಗಿರಬೇಕು. ಫ್ಯಾನಿನ ಗಾಳಿ, ಕಿಟಕಿಯ ಬಿಸಿಲು ತಾಗಬಾರದು. ಪ್ರಯೋಗಕ್ಕೊಳಗಾಗುವವರು ಚಹಾ, ಕಾಫಿ, ಬೀಡಿ, ಸಿಗರೇಟುಗಳನ್ನು ಮುಟ್ಟಿರಬಾರದು. ಬಿಸಿಲಿನಿಂದ ಬಂದವರು ಕನಿಷ್ಠ 15-20 ನಿಮಿಷ ಸುಮ್ಮನೆ ಕುಳಿತು ಮೈಯನ್ನು ಕೊಠಡಿಗೆ ಹೊಂದಿಸಿಕೊಂಡಿರಬೇಕು.

ಇಂತಹ ಪ್ರಯೋಗಗಳಲ್ಲಿ ಪ್ರಸಿದ್ಧವಾದದ್ದು 1985ರಲ್ಲಿ ‘ಪೇನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅರ್ನ್ಸ್ಟ್ ಮತ್ತು ಲೀ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನ. ಅವರು ಆರಿಸಿಕೊಂಡ ಬಿಂದು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಣ ಮಾಂಸಲ ಭಾಗದಲ್ಲಿರುವ ‘ಹೆಗು’. ಆರೋಗ್ಯವಂತ ಸ್ವಯಂಸೇವಕರಲ್ಲಿ ಈ ಬಿಂದುವಿಗೆ ಚುಚ್ಚಿದ ಸೂಜಿಯನ್ನು ಕೈಯಿಂದ ತಿರುಗಿಸಿದಾಗ, ಚುಚ್ಚಿದ ಕೈಯಲ್ಲಿ ಮಾತ್ರವಲ್ಲದೆ ದೇಹದ ಬೇರೆ ಭಾಗಗಳಲ್ಲಿಯೂ ಬಹಳ ಹೊತ್ತು ಉಳಿಯುವ ಬೆಚ್ಚಗಾಗುವಿಕೆ ಕಂಡಿತು. ಅನುವೇದನಾ ನರಗಳ ಬಿಗಿತ ತಗ್ಗಿದುದೇ ಇದಕ್ಕೆ ಕಾರಣವೆಂದು ಅವರು ತರ್ಕಿಸಿದರು. ಅದೇ ಸೂಜಿಗೆ ಸಣ್ಣ ಪ್ರಮಾಣದ ವಿದ್ಯುತ್ತನ್ನು ಹಾಯಿಸಿದಾಗ ಮಾತ್ರ ಚಿತ್ರ ಬದಲಾಯಿತು. ಸ್ವಲ್ಪ ಕಾಲದ ತಂಪಾಗುವಿಕೆಯೂ ಅಲ್ಲಿ ಕಾಣಿಸಿಕೊಂಡಿತು. 1996ರಲ್ಲಿ ಪ್ರಕಟವಾದ ಬೇರೊಂದು ಅಧ್ಯಯನವೂ ವಿದ್ಯುತ್ ಆಕ್ಯುಪಂಕ್ಚರಿನಿಂದ ಕೈಯ ಚರ್ಮ ತಂಪಾದುದನ್ನೇ ವರದಿ ಮಾಡಿತು.

2003ರಲ್ಲಿ ಸ್ವೀಡನ್ ದೇಶದ ಸಂಶೋಧಕರು 14 ಮಂದಿ ಆರೋಗ್ಯವಂತ ಮಹಿಳೆಯರ ಮುಂಗಾಲಿನ ಸ್ನಾಯುವಿನಲ್ಲಿ ಸೂಜಿ ಚುಚ್ಚಿ ರಕ್ತಪ್ರವಾಹವನ್ನು ಅಳೆದರು. ಚರ್ಮದ ಕೆಳಗಷ್ಟೇ ಚುಚ್ಚಿದಾಗಿಗಿಂತ, ಸ್ನಾಯುವಿನ ಆಳಕ್ಕಿಳಿಸಿ ಜುಮ್ಮೆನ್ನುವಂತೆ ತಿರುಗಿಸಿದಾಗ ಚರ್ಮ ಮತ್ತು ಸ್ನಾಯುಗಳೆರಡರಲ್ಲಿಯೂ ರಕ್ತಪ್ರವಾಹ ಹೆಚ್ಚು ಏರಿತು. ಮರುವರ್ಷವೇ ಅದೇ ತಂಡವು ಮೈಕೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆಯಿದ್ದವರಲ್ಲಿ ಇದೇ ಪರೀಕ್ಷೆ ನಡೆಸಿದಾಗ ಫಲಿತಾಂಶ ಬೇರೆಯಾಯಿತು. ಆರೋಗ್ಯವಂತರಲ್ಲಿ ಗಣನೀಯ ಬದಲಾವಣೆ ತಾರದ ಮೇಲುಮೇಲಿನ ಚುಚ್ಚುವಿಕೆಯೂ ಆ ರೋಗಿಗಳಲ್ಲಿ ರಕ್ತಪ್ರವಾಹವನ್ನು ಏರಿಸಿತು. ಈ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಆರೋಗ್ಯವಂತನ ಶರೀರ ಕೊಟ್ಟ ಉತ್ತರವನ್ನೇ ರೋಗಿಯ ಶರೀರವೂ ಕೊಡುತ್ತದೆಂದು ಭಾವಿಸಲಾಗದು.

ಒಟ್ಟಿನಲ್ಲಿ ಹೇಳುವುದಾದರೆ, ಸೂಜಿ ಚಿಕಿತ್ಸೆಯಿಂದ ಆರೋಗ್ಯವಂತರ ಚರ್ಮದ ಉಷ್ಣಾಂಶದಲ್ಲಿ ಬದಲಾವಣೆಯಾಗುವುದು ನಿಜ. ಅದು ಬಿಸಿಯ ಕಡೆಗೂ ಆಗಬಹುದು, ತಂಪಿನ ಕಡೆಗೂ ಆಗಬಹುದು. ಬಿಂದು, ಆಳ, ತಿರುಗಿಸಿದ ಬಗೆ, ವಿದ್ಯುತ್ತಿನ ಬಳಕೆ, ಅಳೆದ ಸಮಯ ಇವೆಲ್ಲವೂ ಫಲವನ್ನು ನಿರ್ಧರಿಸುತ್ತವೆ.

ಸೂಜಿಯ ಪಾಲೆಷ್ಟು, ನೆಮ್ಮದಿಯ ಪಾಲೆಷ್ಟು?

ತಂಪಾದ ಕೊಠಡಿಯಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಿದ ಯಾರಿಗೇ ಆದರೂ ಮೈ ಹಗುರಾಗಿ ಕೈ ಬೆಚ್ಚಗಾಗುವ ಸಂಭವವಿದೆ. ಹಾಗಿರುವಾಗ ಬಂದ ಬಿಸಿ ಸೂಜಿಯದೋ, ವಿಶ್ರಾಂತಿಯದೋ?

ಮನಸ್ಸಿನ ಏಕಾಗ್ರತೆ ಚರ್ಮದ ಉಷ್ಣಾಂಶವನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು ಎಂಬುದಕ್ಕೆ 1982ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಡಾ. ಹರ್ಬರ್ಟ್ ಬೆನ್ಸನ್ ಅವರ ವರದಿಯೇ ಸಾಕ್ಷಿ. ಧರ್ಮಶಾಲೆಯ ಬಳಿ ವಾಸಿಸುತ್ತಿದ್ದ ಮೂವರು ಟಿಬೆಟನ್ ಭಿಕ್ಷುಗಳು ‘ತುಮ್ಮೋ’ ಎಂಬ ಧ್ಯಾನದಲ್ಲಿ ತೊಡಗಿದ್ದಾಗ ಅವರ ಕೈಕಾಲು ಬೆರಳುಗಳ ಉಷ್ಣಾಂಶ 8.3 ಡಿಗ್ರಿ ಸೆಲ್ಸಿಯಸ್‌ನವರೆಗೆ ಏರಿತ್ತು. ಅಲ್ಲಿ ಯಾವ ಸೂಜಿಯೂ ಇರಲಿಲ್ಲ. ನಿತ್ಯ ಪೂಜೆಗೆ ಸ್ಥಿರವಾಗಿ ಕುಳಿತು, ಉಸಿರು ನಿಧಾನಿಸಿ, ಅಂಗೈಯಲ್ಲಿ ದೃಷ್ಟಿ ನೆಟ್ಟವರಿಗೆ ಮನಸ್ಸು ಮತ್ತು ಶರೀರಗಳ ಈ ನಂಟು ಹೊಸ ಸಂಗತಿಯೇನಲ್ಲ.

ಆದಕಾರಣ ಒಳ್ಳೆಯ ಪ್ರಯೋಗದಲ್ಲಿ ಹೋಲಿಕೆಯ ಗುಂಪೊಂದು ಇರಲೇಬೇಕು. ಒಂದು ಗುಂಪಿಗೆ ನಿಜವಾದ ಬಿಂದುವಿನಲ್ಲಿ ಚುಚ್ಚಿದರೆ, ಇನ್ನೊಂದಕ್ಕೆ ಬಿಂದುವಲ್ಲದ ಕಡೆ ಚುಚ್ಚಬೇಕು. ತಮಗೆ ಸಿಕ್ಕಿದ್ದು ಯಾವುದೆಂದು ಅವರಿಗೆ ತಿಳಿದಿರಬಾರದು. ನಮ್ಮ ರಾಜ್ಯದಲ್ಲಿಯೂ ಇಂತಹ ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಾಥಮಿಕ ಅಧ್ಯಯನವೊಂದರಲ್ಲಿ, ಮಧುಮೇಹಿಗಳ ಒಂದು ಗುಂಪಿಗೆ ಹೊಕ್ಕುಳಿನ ಮೇಲ್ಭಾಗದ ನಡುಗೆರೆಯ ಬಿಂದುವೊಂದರಲ್ಲಿಯೂ ಮತ್ತೊಂದು ಗುಂಪಿಗೆ ಅದರ ಪಕ್ಕದ, ಬಿಂದುವಲ್ಲದ ಜಾಗದಲ್ಲಿಯೂ ಸೂಜಿ ಚುಚ್ಚಿ ರಕ್ತದ ಸಕ್ಕರೆಯನ್ನು ಅಳೆದರು. ಮೊದಲ ಗುಂಪಿನಲ್ಲಿ ಸಕ್ಕರೆ ತಕ್ಷಣಕ್ಕೆ ಇಳಿದದ್ದು ಕಂಡುಬಂದಿತು. ಇದು ಆ ಹೊತ್ತಿನ ಪರಿಣಾಮವನ್ನಷ್ಟೇ ನೋಡಿದ ಚಿಕ್ಕ ಅಧ್ಯಯನ. ಇದನ್ನು ಮುಂದಿಟ್ಟುಕೊಂಡು ಮಾತ್ರೆ ಬಿಡುವಂತಿಲ್ಲ. ಆದರೆ ‘ಪಕ್ಕದಲ್ಲಿ ಚುಚ್ಚಿದ್ದರೂ ಹೀಗೆಯೇ ಆಗುತ್ತಿತ್ತೇ?’ ಎಂದು ಕೇಳಿಕೊಂಡ ಅದರ ವಿಧಾನ ಅನುಕರಣೀಯ. ಯಾವ ಚಿಕಿತ್ಸೆಯ ಬಗೆಗೂ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ತಣ್ಣನೆಯ ಕಾಲು ಎಚ್ಚರಿಕೆಯ ಗಂಟೆ

ಈಗ ಲೇಖನದ ಮುಖ್ಯ ಮಾತಿಗೆ ಬರೋಣ. ಮೇಲೆ ವಿವರಿಸಿದ ಬಿಸಿಯೇರಿಕೆ ನಡೆಯಬೇಕಾದರೆ ಎರಡು ವಸ್ತುಗಳು ನೆಟ್ಟಗಿರಬೇಕು: ಸುದ್ದಿ ಒಯ್ಯುವ ನರ, ರಕ್ತ ಹರಿಸುವ ನಾಳ. ಆರೋಗ್ಯವಂತರಲ್ಲಿ ಇವೆರಡೂ ಸರಿಯಾಗಿರುತ್ತವೆ. ದೀರ್ಘಕಾಲದ ಮಧುಮೇಹದಲ್ಲಿ ಎರಡೂ ಕೆಡುತ್ತವೆ.

ನಾಳದ ಒಳಗೋಡೆಯಲ್ಲಿ ಕೊಬ್ಬು ಗಟ್ಟಿಗೊಂಡು ದಾರಿ ಕಿರಿದಾದಾಗ ಕಾಲಿಗೆ ರಕ್ತ ಸಾಲದಾಗುತ್ತದೆ. ಬೀಡಿ, ತಂಬಾಕಿನ ಚಟವಿದ್ದವರಲ್ಲಿ ಇದು ಇನ್ನೂ ಬೇಗ ಬರುತ್ತದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದಂತಾಗಿ, ನಿಂತರೆ ಬಿಡುವುದು. ಒಂದು ಕಾಲು ಇನ್ನೊಂದಕ್ಕಿಂತ ತಣ್ಣಗಿರುವುದು. ಕಾಲಿನ ಕೂದಲು ಉದುರಿ ಚರ್ಮ ಹೊಳೆಯುವುದು. ಗಾಯ ವಾರಗಟ್ಟಲೆ ಮಾಯದಿರುವುದು. ಬೆರಳು ನೀಲಿ ಅಥವಾ ಕಪ್ಪಾಗುವುದು ಇದರ ಲಕ್ಷಣಗಳು. ಇಂತಹ ಕಾಲಿನ ತಂಪು ನರಗಳ ಬಿಗಿತದಿಂದ ಬಂದದ್ದಲ್ಲ, ಕಾಲುವೆಯೇ ಹೂಳು ತುಂಬಿ ಬಂದದ್ದು. ಹೂಳು ತುಂಬಿದ ಕಾಲುವೆಯ ತೂಬನ್ನು ಎಷ್ಟು ತೆರೆದರೂ ಹೊಲಕ್ಕೆ ನೀರು ಬಾರದು. ಆರೋಗ್ಯವಂತರ ಮೇಲಿನ ಪ್ರಯೋಗವನ್ನು ನಂಬಿ ‘ಸೂಜಿ ಹಾಕಿಸಿದರೆ ರಕ್ತ ಹರಿಯುತ್ತದೆ’ ಎಂದು ವಾರಗಳನ್ನು ಕಳೆದರೆ, ಸಕಾಲದಲ್ಲಿ ಉಳಿಸಬಹುದಾಗಿದ್ದ ಕಾಲು ಕೊಳೆತು, ಕತ್ತರಿಸಬೇಕಾದ ಸ್ಥಿತಿಗೆ ಬರುತ್ತದೆ. ಇಂತಹವರು ಮೊದಲು ಕಾಣಬೇಕಾದದ್ದು ಕಾಲಿನ ನಾಡಿಬಡಿತವನ್ನು ಮುಟ್ಟಿ ನೋಡಿ, ಅಗತ್ಯವಿದ್ದರೆ ಡಾಪ್ಲರ್ ಪರೀಕ್ಷೆ ಮಾಡಿಸುವ ವೈದ್ಯರನ್ನು.

ಎರಡನೆಯದು ನರಗಳ ಹಾನಿ. ಅಂಗಾಲಿಗೆ ಜೋಮು ಹಿಡಿಯುವುದು, ಇರುವೆ ಹರಿದಂತಾಗುವುದು, ರಾತ್ರಿ ಉರಿಯುವುದು, ಚಪ್ಪಲಿ ಜಾರಿ ಹೋದರೂ ಅರಿವಾಗದಿರುವುದು ಇದರ ಲಕ್ಷಣಗಳು. ಬಿಸಿಯನ್ನು ಗ್ರಹಿಸುವ ಶಕ್ತಿಯೇ ಇಲ್ಲದ ಕಾಲಿಗೆ ಹಂಡೆಯ ಕುದಿನೀರೂ ಒಂದೇ, ತಣ್ಣೀರೂ ಒಂದೇ. ಬಿಸಿನೀರಿನ ಚೀಲದ ಶಾಖ ಕೊಟ್ಟುಕೊಂಡು, ಒಲೆಯ ಬಳಿ ಕಾಲು ಚಾಚಿ ಮಲಗಿ, ಬೆಳಗಾಗುವಷ್ಟರಲ್ಲಿ ಬೊಬ್ಬೆ ಎದ್ದ ಕಾಲಿನೊಡನೆ ಆಸ್ಪತ್ರೆಗೆ ಬರುವವರು ಇಂತಹವರೇ.

ನೋವಿಲ್ಲದಿರುವುದು ವರವಲ್ಲ ಎಂಬ ಸತ್ಯವನ್ನು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಡಾ. ಪಾಲ್ ಬ್ರಾಂಡ್ ಪ್ರಮುಖರು. ಕುಷ್ಠರೋಗಿಗಳ ಬೆರಳು ರೋಗದಿಂದಲೇ ತಾನಾಗಿ ಕೊಳೆತು ಉದುರುತ್ತದೆಂಬ ನಂಬಿಕೆ ಅಂದು ಬಲವಾಗಿತ್ತು. ಅವರು ಗಮನಿಸಿ ತೋರಿಸಿದ್ದು ಬೇರೆ: ಸ್ಪರ್ಶವೂ ನೋವೂ ಇಲ್ಲದ್ದರಿಂದ ಅರಿವಿಲ್ಲದೆ ಆಗುವ ಸುಟ್ಟಗಾಯ, ಒತ್ತುಗಾಯಗಳೇ ಅಂಗನಾಶಕ್ಕೆ ಮುಖ್ಯ ಕಾರಣ. ಮರಗಟ್ಟಿದ ಕಾಲಿನಲ್ಲಿ ಯಾವ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೋ ಅಲ್ಲಿ ಹುಣ್ಣು ಹುಟ್ಟಲಿದೆ ಎಂಬುದನ್ನೂ ಅವರು ಕೈಯಿಂದ ಮುಟ್ಟಿಯೇ ಗುರುತಿಸುತ್ತಿದ್ದರು. ಇಂದು ಮಧುಮೇಹಿಗಳ ಪಾದ ಚಿಕಿತ್ಸೆಯಲ್ಲಿ ಇದೇ ತತ್ತ್ವ ಬಳಕೆಯಲ್ಲಿದೆ. ಎರಡು ಪಾದಗಳ ಒಂದೇ ಜಾಗವನ್ನು ಹೋಲಿಸಿದಾಗ ಒಂದು ಇನ್ನೊಂದಕ್ಕಿಂತ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಿದ್ದು, ಮರುದಿನವೂ ಹಾಗೆಯೇ ಇದ್ದರೆ, ಒಳಗೆ ಉರಿಯೂತ ಆರಂಭವಾಗಿದೆಯೆಂದು ತಿಳಿದು ಆ ಕಾಲಿಗೆ ವಿಶ್ರಾಂತಿ ಕೊಟ್ಟು ವೈದ್ಯರನ್ನು ಕಾಣಬೇಕು.

ಗಮನಿಸಿ: ಒಂದು ಸಂದರ್ಭದಲ್ಲಿ ಶುಭವೆನಿಸಿದ ಬಿಸಿ ಇನ್ನೊಂದು ಸಂದರ್ಭದಲ್ಲಿ ಅಪಾಯದ ಸೂಚನೆ. ಚರ್ಮದ ಬಿಸಿಗೆ ತನ್ನಷ್ಟಕ್ಕೆ ಒಳ್ಳೆಯದು, ಕೆಟ್ಟದ್ದು ಎಂಬ ಗುಣವಿಲ್ಲ. ಯಾರ ಶರೀರ, ಯಾವ ಭಾಗ, ಏಕೆ ಬಿಸಿಯಾಯಿತು ಎಂದು ಕೇಳಿದಾಗಲೇ ಅದಕ್ಕೆ ಅರ್ಥ ಬರುತ್ತದೆ.

ಚಿಕಿತ್ಸೆಗೆ ಹೋಗುವವರಿಗೆ ಕೆಲವು ಸೂಚನೆಗಳು

ಅರ್ಹರ ಕೈಯಲ್ಲಿ ಆಕ್ಯುಪಂಕ್ಚರ್ ಬಹಳಮಟ್ಟಿಗೆ ಸುರಕ್ಷಿತ. ಕೆಲವು ಬಗೆಯ ದೀರ್ಘಕಾಲದ ನೋವುಗಳಲ್ಲಿ ಅನೇಕರಿಗೆ ಉಪಶಮನವೂ ದೊರೆಯುತ್ತದೆ. ಆದರೂ ಈ ಎಚ್ಚರಗಳು ಅವಶ್ಯ.

ಚಿಕಿತ್ಸಕರ ಪದವಿ, ನೋಂದಣಿಗಳನ್ನು ಸಂಕೋಚವಿಲ್ಲದೆ ವಿಚಾರಿಸಿರಿ. ಪ್ರತಿಯೊಬ್ಬರಿಗೂ ಹೊಸ ಪೊಟ್ಟಣದಿಂದ ತೆಗೆದ, ಒಮ್ಮೆ ಬಳಸಿ ಎಸೆಯುವ ಸೂಜಿಯನ್ನೇ ಬಳಸಬೇಕು. ಒಬ್ಬರಿಗೆ ಬಳಸಿದ ಸೂಜಿಯಿಂದ ಕಾಮಾಲೆಯ ಬಿ ಮತ್ತು ಸಿ ವೈರಾಣುಗಳು ಇನ್ನೊಬ್ಬರಿಗೆ ಹರಡಬಲ್ಲವು. ಜನಜಂಗುಳಿಯ ಶಿಬಿರಗಳಲ್ಲಿ ಇದನ್ನು ಕಣ್ಣಾರೆ ನೋಡಿಕೊಳ್ಳಿರಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಗರ್ಭಿಣಿಯರು, ಮೂರ್ಛೆರೋಗವುಳ್ಳವರು ಮೊದಲೇ ತಿಳಿಸಬೇಕು. ಗರ್ಭಿಣಿಯರಲ್ಲಿ ಮೇಲೆ ಹೇಳಿದ ಹೆಗು ಬಿಂದುವನ್ನು ಸಂಪ್ರದಾಯದಂತೆ ವರ್ಜಿಸುತ್ತಾರೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ವಿದ್ಯುತ್ ಆಕ್ಯುಪಂಕ್ಚರ್ ಮಾಡಿಸಿಕೊಳ್ಳಬಾರದು. ಬರಿಹೊಟ್ಟೆಯಲ್ಲಿ ಹೋದರೆ ತಲೆಸುತ್ತು ಬರಬಹುದಾದ್ದರಿಂದ ಲಘುವಾಗಿ ಏನಾದರೂ ತಿಂದು ಹೋಗುವುದು ಲೇಸು. ಜೋಮು ಹಿಡಿದ ಅಥವಾ ಹುಣ್ಣಾದ ಪಾದಕ್ಕೆ ಸೂಜಿಯನ್ನಾಗಲಿ ಶಾಖವನ್ನಾಗಲಿ ವೈದ್ಯರ ಸಮ್ಮತಿಯಿಲ್ಲದೆ ಕೊಡಿಸಬೇಡಿರಿ. ಸಕ್ಕರೆ, ರಕ್ತದೊತ್ತಡ, ಹೃದಯದ ಮಾತ್ರೆಗಳನ್ನು ಯಾರ ಮಾತಿನಿಂದಲೂ ತಾವಾಗಿ ನಿಲ್ಲಿಸಬೇಡಿರಿ.

ಪಾದಯಾತ್ರಿಗಳಲ್ಲಿ ವಿನಂತಿ

ಕೊಟ್ಟೂರಿನ ಗುರುಬಸವೇಶ್ವರರ ರಥೋತ್ಸವಕ್ಕೂ, ಮೈಲಾರದ ಜಾತ್ರೆಗೂ ನಮ್ಮ ಭಾಗದ ಸಾವಿರಾರು ಭಕ್ತರು ನಡೆದೇ ಹೋಗುವುದು ವಾಡಿಕೆ. ಮಾಘ-ಫಾಲ್ಗುಣಗಳ ಮಧ್ಯಾಹ್ನದಲ್ಲಿ ಕಾದ ಡಾಂಬರು ರಸ್ತೆ ಆರೋಗ್ಯವಂತರ ಅಂಗಾಲಿಗೇ ಸಹಿಸಲಸಾಧ್ಯ. ಅವರು ಕಾಲು ಎತ್ತಿ ನೆರಳಿಗೆ ಓಡುತ್ತಾರೆ. ಜೋಮು ಹಿಡಿದ ಕಾಲಿನವರಿಗೆ ಓಡಬೇಕೆಂದು ತಿಳಿಯುವುದೇ ಇಲ್ಲ. ಆದುದರಿಂದ ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಬಾರದು. ಮೆತ್ತನೆಯ, ಅಳತೆಗೆ ಸರಿಯಾದ ಪಾದರಕ್ಷೆ ಧರಿಸಿ, ಬೆಳಗಿನ ಮತ್ತು ಸಂಜೆಯ ತಂಪಿನಲ್ಲಿ ಸಾಗಬೇಕು. ಕೆಂಡ ಹಾಯುವ ಸೇವೆಯಿಂದಲೂ ಅವರು ದೂರವಿರಬೇಕು. ಮನೆಯಲ್ಲಿ ಸ್ನಾನದ ನೀರನ್ನು ಕಾಲಿನಿಂದ ಮುಟ್ಟದೆ ಮೊಣಕೈಯಿಂದ ಅಥವಾ ಮನೆಯವರ ಕೈಯಿಂದ ಪರೀಕ್ಷಿಸಬೇಕು. ಪ್ರತಿರಾತ್ರಿ ಮಲಗುವ ಮುನ್ನ ಎರಡೂ ಅಂಗಾಲುಗಳನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು, ಇಲ್ಲವೇ ಮಕ್ಕಳು ಮೊಮ್ಮಕ್ಕಳಿಂದ ನೋಡಿಸಿಕೊಳ್ಳುವುದು ಒಂದು ನಿತ್ಯನೇಮವಾಗಬೇಕು. ಬಿರುಕು, ಬೊಬ್ಬೆ, ಬಣ್ಣದ ಬದಲಾವಣೆಗಳನ್ನು ಕಣ್ಣಿನಿಂದಲೂ, ಒಂದು ಕಾಲಿಗಿಂತ ಇನ್ನೊಂದು ಬಿಸಿಯೋ ತಂಪೋ ಎಂಬುದನ್ನು ಮುಂಗೈಯ ಹಿಂಬದಿಯಿಂದಲೂ ತಿಳಿಯಬಹುದು. ಇದಕ್ಕೆ ಯಂತ್ರ ಬೇಡ, ಹಣ ಬೇಡ, ಎರಡು ನಿಮಿಷದ ಗಮನ ಸಾಕು.

ಹಿರಿಯರ ಪಾದಕ್ಕೆರಗುವುದು ನಮ್ಮ ಸಂಸ್ಕಾರ. ಎರಗುವ ಕೈ ಆ ಪಾದದ ಬಿಸಿ-ತಂಪುಗಳನ್ನೂ ವಿಚಾರಿಸಲಿ. ಒಂದು ಕಾಲು ಉಳಿಯಲು ಅಷ್ಟೇ ಸಾಕಾದೀತು.